ಕೋತಿ ಒಂದೆಡೆ ದೇವರು, ಇನ್ನೊಂದೆಡೆ ಕಳ್ಳ: ಪ್ರದರ್ಶನ ಫಲಕಗಳ ಬಗ್ಗೆ ನಾಲ್ಕು ಪ್ರಶ್ನೆ

ಫಲಕಬರಹ:

ಮನುಷ್ಯ ಮತ್ತು ಕೋತಿಗಳ ಸಂಬಂಧದ ಬಗ್ಗೆ ಪ್ರೌಢಶಾಲೆ ಮಕ್ಕಳಿಗಾಗಿ ಆರು ಗೋಡೆ ಫಲಕ ಸಿದ್ಧವಾಗುತ್ತಿವೆ. ಒಂದೊಂದಕ್ಕೂ ನೂರೇ ಪದ. ಜಾಗ ಇಷ್ಟು ಕಡಿಮೆ ಇರುವಾಗ ಒಂದು ಸಾಲು ತಪ್ಪಾದರೂ ಫಲಕವೇ ಕೆಡುತ್ತದೆ, ಅದಕ್ಕೇ ತಿಳಿದವರನ್ನು ಕೇಳುತ್ತಿದ್ದೇನೆ.

1. ಪ್ರಾಚೀನ ಈಜಿಪ್ಟಿನವರು ಬಬೂನ್ ಕೋತಿಯನ್ನು ಪೂಜಿಸುತ್ತಿದ್ದರು ಎಂದು ಓದಿದೆ. ಆ ದೇಶದಲ್ಲಿ ಬಬೂನ್ ಇರಲೇ ಇಲ್ಲ ಎಂದೂ ಓದಿದೆ. ಎರಡೂ ಒಟ್ಟಿಗೆ ಹೇಗೆ ನಿಜವಾಗುತ್ತವೆ?

2. ಕಣ್ಣು, ಕಿವಿ, ಬಾಯಿ ಮುಚ್ಚಿಕೊಂಡ ಮೂರು ಕೋತಿಗಳ ಪ್ರಸಿದ್ಧ ಕೆತ್ತನೆ ಜಪಾನಿನಲ್ಲಿ ಕುದುರೆ ಲಾಯದ ಮೇಲಿದೆಯಂತೆ. ಲಾಯದ ಮೇಲೆ ಏಕೆ?

3. ಗೆಣಸು ತೊಳೆದು ತಿನ್ನುವ ಕೋತಿಗಳ ಕಥೆಯಲ್ಲಿ, "ನೂರನೇ ಕೋತಿ ಕಲಿತ ಕೂಡಲೇ ಬೇರೆ ದ್ವೀಪಗಳ ಕೋತಿಗಳಿಗೂ ತಾನಾಗಿ ವಿದ್ಯೆ ಬಂತು" ಎಂಬ ಮಾತು ಬರುತ್ತದೆ. ಹಾಕಬಹುದೇ?

4. ಕೊನೆಯ ಫಲಕದ ಶೀರ್ಷಿಕೆ "ಸ್ನೇಹ". ಬಾಲಕಿಯೊಬ್ಬಳು ಕೋತಿಗೆ ಬಾಳೆಹಣ್ಣು ಕೊಡುತ್ತಿದ್ದಾಳೆ, ಕೋತಿ ಹಲ್ಲು ಬಿಟ್ಟು ನಗುತ್ತಿದೆ. ತಂಡಕ್ಕೆ ಆ ಚಿತ್ರ ಬಹಳ ಹಿಡಿಸಿದೆ. ಏನಾದರೂ ತೊಂದರೆ ಇದೆಯೇ?

---

ನೈಲ್‌ದಂಡೆ:

ಮೊದಲ ಪ್ರಶ್ನೆಗೆ ಉತ್ತರ: ಎರಡೂ ನಿಜ. ಅವುಗಳನ್ನು ಬೆಸೆಯುವ ಮಾತು "ಆಮದು".

ಈಜಿಪ್ಟಿನ ಶಿಲ್ಪಗಳಲ್ಲಿ ಹೆಚ್ಚಾಗಿ ಕಾಣುವುದು ಹಮದ್ರಿಯಾಸ್ ಬಬೂನ್. ಗಂಡಿನ ಹೆಗಲ ಮೇಲೆ ಬೆಳ್ಳಿ ಬಣ್ಣದ ಕೇಸರ ಇರುತ್ತದೆ. ಇದರ ನೆಲೆ ಕೆಂಪು ಸಮುದ್ರದ ದಕ್ಷಿಣ ತುದಿಯ ಆಚೀಚೆ. ಪುಂಟ್ ಎಂಬ ನಾಡಿನಿಂದ ಧೂಪ, ಚಿನ್ನ, ಕರಿಮರದ ಜೊತೆಗೆ ಇವು ಹಡಗಿನಲ್ಲಿ ಬರುತ್ತಿದ್ದವು. ರಾಣಿ ಹಟ್‌ಶೆಪ್‌ಸುಟ್ ಕಳಿಸಿದ ಪುಂಟ್ ಯಾತ್ರೆಯ ಉಬ್ಬುಶಿಲ್ಪ ದೇರ್ ಎಲ್-ಬಹರಿ ಎಂಬಲ್ಲಿನ ಆಕೆಯ ದೇಗುಲದಲ್ಲಿದೆ. ಹಡಗಿನ ಸರಕಿನ ನಡುವೆ ಬಬೂನ್‌ಗಳನ್ನು ಅಲ್ಲಿ ಸ್ಪಷ್ಟವಾಗಿ ನೋಡಬಹುದು. 2020ರಲ್ಲಿ ಬಬೂನ್ ಮಮ್ಮಿಗಳ ಹಲ್ಲು, ಮೂಳೆ, ಕೂದಲಿನ ಸ್ಟ್ರಾನ್ಷಿಯಂ ಮತ್ತು ಆಮ್ಲಜನಕದ ಐಸೋಟೋಪ್ (ಒಂದೇ ಮೂಲವಸ್ತುವಿನ ಬೇರೆ ಬೇರೆ ತೂಕದ ಪರಮಾಣು) ಅಳೆದಾಗ ಇದೇ ಮಾತು ಗಟ್ಟಿಯಾಯಿತು. ಹಲ್ಲಿನ ಎನಾಮಲ್ ಮರಿಯಾಗಿದ್ದಾಗ ಕುಡಿದ ನೀರು, ತಿಂದ ಆಹಾರದ ಗುರುತನ್ನು ಹಿಡಿದಿಡುತ್ತದೆ, ಕೂದಲು ಕೊನೆಯ ತಿಂಗಳುಗಳ ಗುರುತನ್ನು. ಹಲ್ಲು ಒಂದು ನೆಲ ಹೇಳಿ ಕೂದಲು ಇನ್ನೊಂದು ಹೇಳಿದರೆ ಪ್ರಾಣಿ ಬೇರೆಡೆ ಹುಟ್ಟಿ ಇಲ್ಲಿ ಸತ್ತಿದೆ ಎಂದರ್ಥ. "ಹೊಸ ರಾಜ್ಯ" ಎನ್ನುವ ಕಾಲದ (ಸುಮಾರು ಕ್ರಿ.ಪೂ. 16ರಿಂದ 11ನೇ ಶತಮಾನ) ಬಬೂನ್‌ಗಳು ಇಂದಿನ ಎರಿಟ್ರಿಯಾ, ಇಥಿಯೋಪಿಯಾ, ಸೊಮಾಲಿಯಾ ಸೇರುವ ಭಾಗದವು. ಬಹಳ ನಂತರದ, ಗ್ರೀಕ್ ಮೂಲದ ಟಾಲೆಮಿ ಅರಸರ ಕಾಲದವು ಈಜಿಪ್ಟಿನಲ್ಲೇ ಹುಟ್ಟಿ ಬೆಳೆದವು.

ಪೂಜೆ ಎಂಬ ಮಾತಿನಲ್ಲಿ ಸ್ವಲ್ಪ ಎಚ್ಚರ ಬೇಕು. ಬರವಣಿಗೆ ಮತ್ತು ಲೆಕ್ಕದ ದೇವತೆ ಥೋತ್ ಬಬೂನ್ ರೂಪದಲ್ಲೂ ಐಬಿಸ್ ಹಕ್ಕಿಯ ರೂಪದಲ್ಲೂ ಬರುತ್ತಾನೆ. ಸತ್ತವನ ಹೃದಯ ತೂಗುವ ತಕ್ಕಡಿಯ ಮೇಲೆ ಕೂತಿರುವ ಕೋತಿ ಅದೇ. ಸತ್ತವರ ಶ್ವಾಸಕೋಶ ಕಾಯುವ ಹಾಪಿ ಎಂಬ ದೇವತೆಗೂ ಬಬೂನ್ ತಲೆ. ಅಬು ಸಿಂಬೆಲ್ ದೇಗುಲದ ನೆತ್ತಿಯಲ್ಲಿ ಸಾಲು ಬಬೂನ್‌ಗಳು ಮೂಡಣಕ್ಕೆ ಕೈಯೆತ್ತಿ ನಿಂತಿವೆ. ಬೆಳಗಿನ ಹೊತ್ತು ಬಂಡೆಯ ಮೇಲೆ ಬಿಸಿಲು ಕಾಯುತ್ತ ಕೂಗುವ ಅವುಗಳ ಅಭ್ಯಾಸವನ್ನು ಸೂರ್ಯನ ಸ್ವಾಗತವೆಂದು ಕಂಡರು. ಆದರೆ ಇದೇ ಪ್ರಾಣಿಗೆ ಕೂಲಿ ಕೆಲಸವೂ ಇತ್ತು. ಸಕಾರಾದ ತೆಪೆಮಾಂಖ್ ಸಮಾಧಿಯ ಕೆತ್ತನೆಯಲ್ಲಿ, ಸಂತೆಯಲ್ಲಿ ಕದ್ದವನ ಕಾಲನ್ನು ಕಾವಲುಗಾರನ ಹಗ್ಗದಲ್ಲಿರುವ ಬಬೂನ್ ಹಿಡಿದುಕೊಂಡಿದೆ. ಮಕ್ಕಳ ಫಲಕಕ್ಕೆ ನಾನಾದರೆ ಅದೇ ಚಿತ್ರ ಆರಿಸುತ್ತೇನೆ.

ದಯವಿಟ್ಟು ಒಂದು ವಿಷಯ ಬಿಡಬೇಡಿ. ಈಜಿಪ್ಟಿನ ಹಳೆಯ ರಾಜಧಾನಿ ಥೀಬ್ಸ್ ಹತ್ತಿರ ಕೋತಿಗಳ ಕಣಿವೆ ಎಂದೇ ಕರೆಯುವ ಜಾಗದಲ್ಲಿ ಸಿಕ್ಕ, ಕ್ರಿ.ಪೂ. 800ರಿಂದ 500ರ ನಡುವಿನ ಬಬೂನ್ ಅವಶೇಷಗಳನ್ನು ಪರೀಕ್ಷಿಸಿದಾಗ ಬಹುತೇಕ ಎಲ್ಲದರಲ್ಲೂ ಮೂಳೆಯ ದೋಷ ಕಂಡಿತು: ಬಾಗಿದ ಕೈಕಾಲು, ಗಿಡ್ಡವಾದ ಮುಖ, ಅಂದರೆ ರಿಕೆಟ್ಸ್. ಎಳವೆಯಿಂದಲೇ ಬಿಸಿಲು ಕಾಣದ ಗೋಡೆಗಳ ನಡುವೆ ಸಾಕಿದರೆ ವಿಟಮಿನ್ ಡಿ ಸಿಗದೆ ಹೀಗಾಗುತ್ತದೆ. ಸೂರ್ಯನ ಭಕ್ತ ಎಂದು ಕಲ್ಲಿನಲ್ಲಿ ಕಡೆದ ಪ್ರಾಣಿಗೆ ಬಿಸಿಲನ್ನೇ ಕೊಟ್ಟಿರಲಿಲ್ಲ. ಕೆಲವು ಮಮ್ಮಿಗಳಲ್ಲಿ ಕೋರೆಹಲ್ಲು ಕಿತ್ತ ಗುರುತೂ ಇದೆ. ಮೂರ್ತಿಗೆ ಸಂದ ಗೌರವ ಪ್ರಾಣಿಯ ಮೈವರೆಗೆ ಬಂತೇ ಎಂದು ನಿಮ್ಮ ಎಲ್ಲ ಫಲಕಗಳಲ್ಲೂ ಕೇಳಿಕೊಳ್ಳಿ.

---

ಲಾಯದಗೋಡೆ:

ಎರಡನೇ ಪ್ರಶ್ನೆ ನೀವು ಅಂದುಕೊಂಡಿದ್ದಕ್ಕಿಂತ ದೊಡ್ಡದು. ಕುದುರೆಯ ಪಕ್ಕ ಕೋತಿಯನ್ನು ಕಟ್ಟುವ ರೂಢಿ ಏಷ್ಯಾದ ಉದ್ದಕ್ಕೂ ಇತ್ತು.

ಕೆತ್ತನೆ ಇರುವುದು ನಿಕ್ಕೋದ ತೋಶೋಗು ದೇಗುಲದ ಪವಿತ್ರ ಕುದುರೆಯ ಲಾಯದ ಮೇಲೆ, ಕಾಲ 1636. ಮೂರು ಕೋತಿಗಳದ್ದು ಅಲ್ಲಿನ ಎಂಟು ಹಲಗೆಗಳಲ್ಲಿ ಒಂದು ಮಾತ್ರ. ಎಂಟರಲ್ಲಿ ಒಟ್ಟು 16 ಕೋತಿಗಳಿವೆ. ಮಗುವಿನ ಭವಿಷ್ಯ ನೋಡುವ ತಾಯಿಯಿಂದ ಹಿಡಿದು ಬಸುರಿ ಕೋತಿಯವರೆಗೆ ಮನುಷ್ಯನ ಇಡೀ ಬದುಕು ಅಲ್ಲಿ ಸಾಲಾಗಿದೆ. ಮೂರು ಕೋತಿಗಳು ಬಾಲ್ಯದ ಹಲಗೆ: ಎಳೆಯ ಮನಸ್ಸಿಗೆ ಕೆಟ್ಟದ್ದು ಕಾಣದಿರಲಿ, ಕೇಳದಿರಲಿ, ಬಾಯಿಗೆ ಬಾರದಿರಲಿ. ಕೋತಿಯೇ ಏಕೆ ಎಂಬುದಕ್ಕೆ ಭಾಷೆಯಲ್ಲೇ ಉತ್ತರವಿದೆ. ಜಪಾನಿಯಲ್ಲಿ ಕೋತಿ "ಸಾರು". ಹಳೆಯ ಜಪಾನಿಯಲ್ಲಿ "-ಜಾರು" ಎಂದರೆ ನಮ್ಮ "-ಅದ" ಇದ್ದಂತೆ, ನಿಷೇಧದ ಪ್ರತ್ಯಯ. ಮಿಜಾರು, ಕಿಕಜಾರು, ಇವಜಾರು: ನೋಡದ, ಕೇಳದ, ಆಡದ. ಹಾಗೆ ಹೇಳುವಾಗ ಕಿವಿಗೆ ಕೋತಿಯೂ ಕೇಳಿಸುತ್ತದೆ. ಶ್ಲೇಷೆ ಅನುವಾದದಲ್ಲಿ ಉಳಿಯುವುದಿಲ್ಲ, ಆದ್ದರಿಂದ ಫಲಕದಲ್ಲಿ ಮೂರೂ ಹೆಸರು ಹಾಗೆಯೇ ಹಾಕಿ.

ಇನ್ನು ಲಾಯ. ಚೀನಾದ ಜಿಯಾ ಸಿಷಿಯೆ 6ನೇ ಶತಮಾನದಲ್ಲಿ ಬರೆದ ಕೃಷಿ ಗ್ರಂಥದಲ್ಲಿ ನೇರವಾದ ಸೂಚನೆಯೇ ಇದೆ: ಕುದುರೆ ಲಾಯದಲ್ಲಿ ಸದಾ ಒಂದು ಕೋತಿ ಕಟ್ಟಿರಬೇಕು, ಆಗ ಕುದುರೆ ಬೆದರುವುದಿಲ್ಲ, ಕೇಡು ತೊಲಗುತ್ತದೆ, ರೋಗಗಳು ಬರುವುದಿಲ್ಲ. ಶಾನ್‌ಷಿ ಪ್ರಾಂತ್ಯದಲ್ಲಿ ಕುದುರೆ ಕಟ್ಟುವ ಕಲ್ಲುಗಂಬಗಳ ತುದಿಯಲ್ಲಿ ಕೋತಿ ಕೂತಿರುವುದು ಇದೇ ನಂಬಿಕೆಯಿಂದ. ಚೀನಾದ ವಾನರ ವೀರ ಸುನ್ ವುಕಾಂಗ್‌ಗೆ ಸ್ವರ್ಗದಲ್ಲಿ ಮೊದಲು ಸಿಗುವ ಹುದ್ದೆ ಕುದುರೆ ಲಾಯದ ಅಧಿಕಾರಿಯದು. ಆ ಹುದ್ದೆಯ ಹೆಸರನ್ನು ಉಚ್ಚರಿಸಿದರೆ "ಕುದುರೆಯ ಪಿಡುಗು ತಡೆಯುವವ" ಎಂದೂ ಕೇಳಿಸುತ್ತದೆ. ಜಪಾನಿನ ಈಶಾನ್ಯ ಭಾಗದ ರೈತರು ಲಾಯದಲ್ಲಿ ಕೋತಿಯ ತಲೆಬುರುಡೆ ತೂಗುಹಾಕುತ್ತಿದ್ದರು. ಇಂದು ವೇದಿಕೆಯ ಮೇಲೆ ನಡೆಯುವ ಸಾರುಮವಾಶಿ ಎಂಬ ಕೋತಿಯಾಟ ಮೂಲದಲ್ಲಿ ಲಾಯದ ಶುದ್ಧಿಯ ವಿಧಿ.

ಭಾರತದ ಸುಳಿವು ಪಂಚತಂತ್ರದಲ್ಲಿದೆ, ಆದರೆ ಭಯಂಕರ ರೂಪದಲ್ಲಿ. ಲಾಯಕ್ಕೆ ಬೆಂಕಿ ಬಿದ್ದು ಕುದುರೆಗಳು ಸುಟ್ಟುಕೊಂಡಾಗ ವೈದ್ಯರು ಅಶ್ವವೈದ್ಯದ ಪ್ರಾಚೀನ ಆಚಾರ್ಯ ಶಾಲಿಹೋತ್ರನ ಹೆಸರು ಹೇಳಿ ಕೋತಿಯ ಕೊಬ್ಬನ್ನೇ ಮದ್ದೆನ್ನುತ್ತಾರೆ, ಅರಮನೆಯ ಕೋತಿಗಳು ಸಾಯುತ್ತವೆ. ಕಾವಲಿಗೆ ಕಟ್ಟಿದ್ದೂ ಕುದುರೆಗಾಗಿ, ಕೊಂದದ್ದೂ ಕುದುರೆಗಾಗಿ.

ನಂಬಿಕೆಯ ಕಾರಣವಾಗಿ ಪೂರ್ವ ಏಷ್ಯಾದಲ್ಲಿ ಕೊಡುವ ಒಂದು ವಿವರಣೆ ಅಲ್ಲಿನ ಹನ್ನೆರಡು ಪ್ರಾಣಿಗಳ ರಾಶಿಚಕ್ರದ್ದು: ಕುದುರೆ ಬೆಂಕಿಯ ಅಂಶ, ಕೋತಿ ನೀರಿನ ಆರಂಭ, ನೀರು ಬೆಂಕಿಯನ್ನು ಅಂಕೆಯಲ್ಲಿಡುತ್ತದೆ. ಅದನ್ನು ಒಂದು ವಿವರಣೆ ಎಂದಷ್ಟೇ ಬರೆಯಿರಿ.

---

ಕಡಲದಿಬ್ಬ:

ನೂರನೇ ಕೋತಿ ಬೇಡ. ಸಂಖ್ಯೆಯೇ ಅದನ್ನು ಸುಳ್ಳು ಮಾಡುತ್ತದೆ.

ಜಾಗ ಜಪಾನಿನ ಮಿಯಾಝಾಕಿ ಪ್ರಾಂತ್ಯದ ಕೋಶಿಮಾ ಎಂಬ ಪುಟ್ಟ ದ್ವೀಪ. 1952ರಲ್ಲಿ ಸಂಶೋಧಕರು ಕೋತಿಗಳನ್ನು ಬಯಲಿಗೆ ಕರೆತರಲು ದಡದ ಮರಳಿನ ಮೇಲೆ ಗೆಣಸು ಹಾಕತೊಡಗಿದರು. ಆಗ ಹಿಂಡಿನಲ್ಲಿದ್ದದ್ದು 20 ಕೋತಿ, 1962ರಲ್ಲೂ 59 ಮಾತ್ರ. ನೂರನೆಯದು ಎಲ್ಲಿಂದ ಬರಬೇಕು?

ನಡೆದದ್ದು ಇಷ್ಟು. 1953ರಲ್ಲಿ ಇಮೋ ಎಂದು ಹೆಸರಿಟ್ಟಿದ್ದ, ಒಂದೂವರೆ ವರ್ಷದ ಹೆಣ್ಣುಮರಿ ಗೆಣಸಿಗೆ ಅಂಟಿದ ಮರಳನ್ನು ತೊರೆಯ ನೀರಿನಲ್ಲಿ ತೊಳೆಯಿತು. ಮೊದಲು ಕಲಿತದ್ದು ಅದರ ತಾಯಿ ಮತ್ತು ಆಟದ ಒಡನಾಡಿಗಳು. 1958ರ ಹೊತ್ತಿಗೆ ಎರಡರಿಂದ ಏಳು ವರ್ಷದ 19 ಕೋತಿಗಳಲ್ಲಿ 15 ತೊಳೆಯುತ್ತಿದ್ದವು, ಅದಕ್ಕೂ ದೊಡ್ಡ 11ರಲ್ಲಿ ಎರಡೇ. ಆಮೇಲೆ ಹುಟ್ಟಿದ ಮರಿಗಳು ತಾಯಿಯ ಹೊಟ್ಟೆಗೆ ಅಂಟಿಕೊಂಡೇ ನೋಡಿ ಕಲಿತವು. ದಿಢೀರ್ ಜಿಗಿತ ಎಲ್ಲೂ ಇಲ್ಲ. ಪರಿಚಯ, ಸಲುಗೆ, ವಯಸ್ಸು ಇವನ್ನು ಹಿಡಿದು ನಿಧಾನವಾಗಿ ಹರಡಿತು. ದೊಡ್ಡ ಗಂಡುಗಳು ಮರಿಗಳ ಹತ್ತಿರ ಕೂತು ತಿನ್ನುವುದಿಲ್ಲ, ಆದ್ದರಿಂದ ಅವು ಕಲಿಯಲಿಲ್ಲ. ನೂರರ ಮಾತು ಹುಟ್ಟಿದ್ದು 1979ರ ಒಂದು ಜನಪ್ರಿಯ ಪುಸ್ತಕದಿಂದ.

ಫಲಕಕ್ಕೆ ಇದಕ್ಕಿಂತ ಸೊಗಸಾದದ್ದು ಗೋಧಿಯ ಪ್ರಸಂಗ. 1956ರಲ್ಲಿ ಅದೇ ಇಮೋ ಮರಳು ಬೆರೆತ ಗೋಧಿಯನ್ನು ಹಿಡಿ ಹಿಡಿಯಾಗಿ ನೀರಿಗೆ ಎಸೆಯಿತು. ಮರಳು ಮುಳುಗಿತು, ಗೋಧಿ ತೇಲಿತು, ಬಾಚಿಕೊಂಡು ತಿಂದಿತು. ಕೈಯಲ್ಲಿದ್ದ ಆಹಾರವನ್ನು ಒಂದು ಕ್ಷಣ ಬಿಟ್ಟುಕೊಡುವುದು ಕೋತಿಗೆ ಸುಲಭದ ಮಾತಲ್ಲ, ಹಾಗಾಗಿ ಇದು ಗೆಣಸಿಗಿಂತಲೂ ನಿಧಾನವಾಗಿ ಹರಡಿತು.

ಮರೆಯಬಾರದ್ದು: ಗೆಣಸೂ ಗೋಧಿಯೂ ಮನುಷ್ಯರು ಹಾಕಿದ್ದು. ಹಾಗೆ ಹಾಕುವುದರ ಬೆಲೆ ಏನೆಂದು ಓಯಿತಾದ ತಕಾಸಾಕಿಯಾಮಾ ಬೆಟ್ಟ ತೋರಿಸಿತು. ಹೊಲಕ್ಕೆ ನುಗ್ಗದಿರಲಿ ಎಂದು ಅಲ್ಲಿ 1952-53ರಲ್ಲಿ ಊಟ ಹಾಕಲು ಶುರುಮಾಡಿದಾಗ ಸುಮಾರು 200 ಕೋತಿಗಳಿದ್ದವು. 1990ರ ದಶಕದ ಹೊತ್ತಿಗೆ 2,000 ಮುಟ್ಟಿದವು, ಬೆಟ್ಟದ ಮರಗಳ ತೊಗಟೆ, ಚಿಗುರು ಹಾಳಾದವು. ಆಮೇಲೆ ಪಡಿಯನ್ನು ವರ್ಷ ವರ್ಷ ಇಳಿಸಿ ಸಂಖ್ಯೆ ತಗ್ಗಿಸಬೇಕಾಯಿತು.

---

ಹಿಂಡುಲೆಕ್ಕ:

ನಾಲ್ಕನೇ ಪ್ರಶ್ನೆಯ "ಸ್ನೇಹ" ಚಿತ್ರ ತೆಗೆಯಿರಿ. ಇದರಲ್ಲಿ ರಾಜಿ ಬೇಡ ಎಂದು ಕೇಳಿಕೊಳ್ಳುತ್ತೇನೆ, ನೋಡಿದ ಮಗು ಅದನ್ನೇ ಮಾಡುತ್ತದೆ.

ಮೊದಲನೆಯದಾಗಿ, ಆ ಕೋತಿ ನಗುತ್ತಿಲ್ಲ. ಮಕಾಕ್ ಜಾತಿಯ ಕೋತಿಗಳಲ್ಲಿ, ಅಂದರೆ ನಮ್ಮ ಊರುಗಳ ಮಂಗಗಳೂ ಸೇರಿ, ತುಟಿ ಹಿಂದಕ್ಕೆಳೆದು ಮೇಲಿನ ಕೆಳಗಿನ ಹಲ್ಲು ಎರಡನ್ನೂ ತೋರುವುದು ಹೆದರಿಕೆಯ, ಶರಣಾಗತಿಯ ಮುಖ. ಬಾಯಿ ದುಂಡಗೆ ತೆರೆದು, ಹುಬ್ಬೇರಿಸಿ, ಕಣ್ಣಿಗೆ ಕಣ್ಣಿಟ್ಟು ತಲೆಯನ್ನು ಮುಂದೆ ಚಾಚಿದರೆ ಬೆದರಿಕೆ. ದೊಡ್ಡ ಗಂಡು ಆಕಳಿಸಿ ಕೋರೆಹಲ್ಲು ತೋರಿದರೆ ಅದು ನಿದ್ದೆಯಲ್ಲ, ಒಳಗಿನ ಬಿಗುವು. ಸ್ನೇಹದ ಗುರುತು ಬೇರೆಯೇ ಇದೆ: ತುಟಿಗಳನ್ನು ಪಟಪಟನೆ ಬಡಿಯುವುದು, ಹೇನು ಹೆಕ್ಕುವುದು. ನಾವು ತಿರುವುಮುರುವಾಗಿ ಓದುತ್ತೇವೆ, ಅವೂ ನಮ್ಮನ್ನು ಹಾಗೆಯೇ ಓದುತ್ತವೆ. ಹಲ್ಲು ತೋರಿ ನಗುತ್ತ ಕಣ್ಣಲ್ಲಿ ಕಣ್ಣಿಟ್ಟು ಬಾಗುವ ಮನುಷ್ಯ ಕೋತಿಗೆ ಗೊಂದಲ, ಇಲ್ಲವೇ ಸವಾಲು.

ಎರಡನೆಯದು ಕೈತುತ್ತು. ಕಾಡಿನ ಆಹಾರ ಚದುರಿರುತ್ತದೆ, ಹಿಂಡು ದಿನವಿಡೀ ಅಲೆದು ಅಲ್ಲಲ್ಲಿ ಚದುರಿ ತಿನ್ನುತ್ತದೆ. ಒಂದೇ ಜಾಗದಲ್ಲಿ ಬಾಳೆಹಣ್ಣು, ಬಿಸ್ಕತ್ತು ಬಿದ್ದರೆ ಮೇಲ್ದರ್ಜೆಯ ಕೋತಿಗಳು ಮುತ್ತಿಕೊಳ್ಳುತ್ತವೆ, ಕೆಳಗಿನವು ಹೊಡೆತ ತಿಂದು ಆ ಸಿಟ್ಟನ್ನು ಹತ್ತಿರವಿರುವ ಸಣ್ಣ ಜೀವದ ಮೇಲೆ ತೀರಿಸಿಕೊಳ್ಳುತ್ತವೆ. ಬಹಳ ಸಲ ಆ ಸಣ್ಣ ಜೀವ ಒಂದು ಮಗು. ಹೆಚ್ಚು ಮರಿಗಳು ಉಳಿಯುತ್ತವೆ, ಹಿಂಡು ದೊಡ್ಡದಾಗುತ್ತದೆ. ರಜೆ ಮುಗಿದು ಜನ ಬರದಿದ್ದಾಗ ಅದೇ ಹಿಂಡು ಮನೆ, ಹೊಲಗಳಿಗೆ ಇಳಿಯುತ್ತದೆ. ಎಷ್ಟು ಚೆನ್ನಾಗಿ ಕಲಿಯುತ್ತವೆ ನೋಡಿ: ಬಂಡೀಪುರದ ಮಂಗಗಳು ಕೈಚಾಚಿ, "ಕೂ" ಎಂದು ದನಿ ಮಾಡಿ ತಿಂಡಿ ಬೇಡುವುದು ದಾಖಲಾಗಿದೆ. ಬಾಲಿಯ ಉಲುವಾಟು ದೇಗುಲದಲ್ಲಿ ಉದ್ದಬಾಲದ ಮಕಾಕ್‌ಗಳು ಕನ್ನಡಕ, ಚಪ್ಪಲಿ, ಫೋನ್ ಕಸಿದು, ಸಿಬ್ಬಂದಿ ತಿಂಡಿ ಕೊಟ್ಟ ಮೇಲೆಯೇ ಬಿಡುತ್ತವೆ. 2021ರ ಅಧ್ಯಯನದ ಪ್ರಕಾರ ಬಲಿತ ಕೋತಿಗಳು ಜನರಿಗೆ ಬೆಲೆಬಾಳುವ ವಸ್ತುವನ್ನೇ ಆರಿಸುತ್ತವೆ, ಅಂಥದ್ದಕ್ಕೆ ಹೆಚ್ಚು ಅಥವಾ ಇಷ್ಟದ ತಿಂಡಿ ಬರುವವರೆಗೆ ಕಾಯುತ್ತವೆ. ಮರಿಗಳಿಗೆ ಈ ಲೆಕ್ಕ ಇನ್ನೂ ಬಂದಿರುವುದಿಲ್ಲ. ಅದನ್ನು ಕಳ್ಳತನ ಎಂದು ಬರೆಯುವ ಮೊದಲು ವ್ಯಾಪಾರ ಕಲಿಸಿದವರು ಯಾರು ಎಂದೂ ಬರೆಯಿರಿ.

ಕೋತಿ ಹಿಡಿದು ದೂರದ ಕಾಡಿಗೆ ಬಿಡುವುದನ್ನು ಪರಿಹಾರವೆಂದು ತೋರಿಸಬೇಡಿ. ಹಿಂಡು ಒಡೆಯುತ್ತದೆ, ಬಿಟ್ಟ ಕಡೆ ಬೇರೆ ಹಿಂಡಿನ ಸರಹದ್ದು ಇರುತ್ತದೆ, ಜನರ ಆಹಾರಕ್ಕೆ ಒಗ್ಗಿದವು ಹತ್ತಿರದ ಹಳ್ಳಿಗೆ ಬರುತ್ತವೆ. ಖಾಲಿಯಾದ ಜಾಗದಲ್ಲಿ ಕಸದ ಬುಟ್ಟಿ ತೆರೆದೇ ಇದ್ದರೆ ಪಕ್ಕದ ಹಿಂಡು ಸೇರಿಕೊಳ್ಳುತ್ತದೆ. ಹಾಂಗ್‌ಕಾಂಗ್ 1999ರಲ್ಲಿ ಊಟ ಹಾಕುವುದನ್ನು ನಿಷೇಧಿಸಿ, 2007ರಿಂದ ಸಂತಾನ ನಿಯಂತ್ರಣವನ್ನೂ ಜೊತೆಗೂಡಿಸಿತು. ಶಸ್ತ್ರಚಿಕಿತ್ಸೆ ಒಂದೇ ಸಾಲದು, ಊಟದ ಹರಿವು ನಿಲ್ಲದಿದ್ದರೆ ಉಳಿದ ಹೆಣ್ಣುಗಳು ಕೊರತೆಯನ್ನು ತುಂಬಿಬಿಡುತ್ತವೆ.

ಮಕ್ಕಳಿಗೆ ಹೇಳಬೇಕಾದ್ದನ್ನು ಹೀಗೆ ಬರೆಯಬಹುದು: ಕಣ್ಣಿಗೆ ಕಣ್ಣಿಡಬೇಡ. ತಿಂಡಿ, ಸದ್ದು ಮಾಡುವ ಪ್ಲಾಸ್ಟಿಕ್ ಚೀಲ ಕೈಯಲ್ಲಿ ಬೇಡ. ಮರಿಯ ಹತ್ತಿರ ಹೋಗಬೇಡ. ಕೋತಿ ಹತ್ತಿರ ಬಂದರೆ ಓಡದೆ, ಬೆನ್ನು ತೋರಿಸದೆ, ನಿಧಾನ ಹಿಂದೆ ಸರಿ. ಕಸಿದುಕೊಂಡರೆ ಎಳೆದಾಡಬೇಡ, ಬಿಟ್ಟುಬಿಡು.

ಕಚ್ಚಿದರೆ ಅಥವಾ ಪರಚಿದರೆ ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ಗಡಿಯಾರ ನೋಡಿಯೇ ತೊಳೆಯಬೇಕು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅರಿಶಿನ, ಸುಣ್ಣ ಮೆತ್ತಬಾರದು. ರೇಬಿಸ್ ಲಸಿಕೆಯನ್ನು ಸ್ನಾಯುವಿಗೆ ಕೊಡುವ ಐದು ಡೋಸ್‌ಗಳ ಕ್ರಮದಲ್ಲಿ ದಿನಗಳು 0, 3, 7, 14, 28. ರಕ್ತ ಬಂದಿದ್ದರೆ ಗಾಯಕ್ಕೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ ಬೇಕು. ಮಕಾಕ್‌ಗಳಲ್ಲಿ ಬಿ ವೈರಸ್ ಎಂಬುದೂ ಇದೆ. ಅವುಗಳಿಗೆ ಅದು ಬಾಯಿಹುಣ್ಣಿನಷ್ಟು ಸಣ್ಣದು. ಮನುಷ್ಯರಿಗೆ ತಗುಲುವುದು ಬಹಳ ಅಪರೂಪ, ಆದರೆ ಮಿದುಳಿಗೇರಿದರೆ, ಚಿಕಿತ್ಸೆ ಸಿಗದಿದ್ದವರಲ್ಲಿ ಸುಮಾರು 70% ಜನ ಸಾಯುತ್ತಾರೆ. 1932ರಲ್ಲಿ ಪ್ರಯೋಗಾಲಯದ ಕೋತಿ ಕಚ್ಚಿದ ಯುವ ವೈದ್ಯರೊಬ್ಬರ ಸಾವಿನಿಂದ ಇದು ಬೆಳಕಿಗೆ ಬಂತು. ದಾರಿ ಒಮ್ಮುಖವಲ್ಲ: ನಮ್ಮ ತುಟಿಯ ಮೇಲೇಳುವ ಸಾಮಾನ್ಯ ಹರ್ಪಿಸ್ ಗುಳ್ಳೆ ದಕ್ಷಿಣ ಅಮೆರಿಕದ ಪುಟ್ಟ ಮಾರ್ಮೊಸೆಟ್ ಕೋತಿಯನ್ನು ಕೆಲವೇ ದಿನಗಳಲ್ಲಿ ಕೊಲ್ಲುತ್ತದೆ. ದಡಾರ, ಕ್ಷಯವೂ ನಮ್ಮಿಂದ ಕೋತಿಗಳಿಗೆ ಹೋಗುತ್ತವೆ.

---

ಫಲಕಬರಹ:

ಎಲ್ಲರಿಗೂ ಕೃತಜ್ಞತೆ. ಚಿತ್ರ ತೆಗೆದಾಯಿತು, ನೂರನೇ ಕೋತಿಯೂ ಹೋಯಿತು. ಇನ್ನೆರಡು ಫಲಕ ಖಾಲಿ ಇವೆ. ಅಮೆರಿಕ ಖಂಡದಿಂದ ಒಂದು, ರೋಗದ ಬಗ್ಗೆ ಒಂದು ಎಂದುಕೊಂಡಿದ್ದೇವೆ. ರೋಗದ ಫಲಕ ಓದಿ ಮಕ್ಕಳು ಕೋತಿಗೆ ಕಲ್ಲು ಹೊಡೆಯುವಂತಾಗಬಾರದು.

---

ಮರದನೆತ್ತಿ:

ಎರಡನ್ನೂ ಒಂದೇ ಪ್ರಾಣಿಯಿಂದ ಬರೆಯಬಹುದು: ಹೌಲರ್ ಕೋತಿ, ಮೈಲಿ ದೂರ ಕೇಳುವಂತೆ ಗರ್ಜಿಸುವ ಜಾತಿ.

ಮಧ್ಯ ಅಮೆರಿಕದ ಮಾಯಾ ಜನರ ಪೋಪೋಲ್ ವುಹ್ ಪುರಾಣದಲ್ಲಿ ಹುನ್ ಬಾಟ್ಸ್, ಹುನ್ ಚೋವೆನ್ ಎಂಬ ಅಣ್ಣಂದಿರು ಹಾಡು, ಕೆತ್ತನೆ, ಬರವಣಿಗೆಯಲ್ಲಿ ನಿಪುಣರು, ತಮ್ಮಂದಿರ ಮೇಲೆ ಹೊಟ್ಟೆಕಿಚ್ಚು. ತಮ್ಮಂದಿರು ಅವರನ್ನು ಮರ ಹತ್ತಿಸುತ್ತಾರೆ, ಮರ ಬೆಳೆಯುತ್ತ ಹೋಗುತ್ತದೆ, ಲಂಗೋಟಿ ಬಾಲವಾಗುತ್ತದೆ, ಅಣ್ಣಂದಿರು ಕೋತಿಗಳಾಗುತ್ತಾರೆ. ಆದರೂ ಲಿಪಿಕಾರರು ಅವರನ್ನೇ ಕುಲದೈವವೆಂದು ಹಿಡಿದರು. ಮಡಕೆಗಳ ಮೇಲೆ ಕುಂಚ, ಮಸಿ ಹಿಡಿದ ಕೋತಿಗಳು ಸಾಕಷ್ಟಿವೆ. ನೈಲ್‌ದಂಡೆ ಅವರು ಹೇಳಿದ ಥೋತ್‌ನ ಪಕ್ಕ ಇದನ್ನಿಡಿ. ನಡುವೆ ಸಾಗರವಿದ್ದ ಎರಡು ನಾಡುಗಳು ಬರವಣಿಗೆಯನ್ನು ಕೋತಿಯ ಕೈಗೇ ಕೊಟ್ಟವು.

ಇಂದಿಗೂ ಬದುಕಿರುವ ಸಂಬಂಧ ಬೇಕೆಂದರೆ ಬ್ರೆಜಿಲ್‌ನ ಮರಾನ್ಯಾವ್ ರಾಜ್ಯದ ಅವಾ ಜನರನ್ನು ನೋಡಿ. ಹೌಲರ್ ಅವರ ಮುಖ್ಯ ಬೇಟೆ. ತಾಯಿಕೋತಿ ಬೇಟೆಯಾದರೆ ಮರಿಯನ್ನು ಮನೆಗೆ ತಂದು ಹೆಂಗಸರು ಎದೆಹಾಲು ಕೊಟ್ಟು ಸಾಕುತ್ತಾರೆ. ಸಾಕಿದ ಮರಿ ಮನೆಯ ಮಗು, ಅದನ್ನು ಎಂದೂ ತಿನ್ನುವುದಿಲ್ಲ. ಮಕ್ಕಳಿಗೆ ಇದು ಮೊದಲು ಕಸಿವಿಸಿ ಆಗಬಹುದು, ಆದರೂ ಮುಚ್ಚಿಡಬೇಡಿ. ತಿನ್ನುವುದು ಮತ್ತು ಅಕ್ಕರೆ ಒಂದೇ ಮನೆಯಲ್ಲಿರಬಲ್ಲವು ಎಂಬುದು ನಿಮ್ಮ "ಸ್ನೇಹ" ಎಂಬ ಒಂಟಿ ಪದಕ್ಕಿಂತ ಪ್ರಾಮಾಣಿಕ.

ಈಗ ರೋಗ. ಹಳದಿ ಜ್ವರ ಆಫ್ರಿಕಾದ್ದು, ಗುಲಾಮರನ್ನು ಸಾಗಿಸಿದ ಹಡಗುಗಳಲ್ಲಿ ಅಮೆರಿಕಕ್ಕೆ ಬಂತು. ಆಫ್ರಿಕಾದ ಕೋತಿಗಳು ಬಹುಮಟ್ಟಿಗೆ ತಾಳಿಕೊಳ್ಳುತ್ತವೆ, ಹೌಲರ್‌ಗಳು ಸಾಲಾಗಿ ಸಾಯುತ್ತವೆ. ಹರಡುವುದು ಮರದ ನೆತ್ತಿಯಲ್ಲಿ ಬದುಕುವ ಹೀಮಗೋಗಸ್ ಸೊಳ್ಳೆ. 2016-18ರಲ್ಲಿ ಬ್ರೆಜಿಲ್‌ನಲ್ಲಿ ಕಾಯಿಲೆ ಹಬ್ಬಿದಾಗ ಜನ ಕೋತಿಗಳನ್ನೇ ಹೊಡೆದು ಕೊಂದರು. ಅದರಿಂದ ಜನರಿಗೇ ನಷ್ಟವಾಯಿತು: ಹೌಲರ್ ತಾನಾಗಿ ಸತ್ತು ಬಿದ್ದರೆ ಆರೋಗ್ಯ ಇಲಾಖೆಗೆ ಅದೇ ಎಚ್ಚರಿಕೆಯ ಮೊದಲ ಗಂಟೆ, ಆ ಜಾಗದ ಜನರಿಗೆ ಕೂಡಲೇ ಲಸಿಕೆ ಹಾಕಬಹುದು. ಕೊಂದುಬಿಟ್ಟರೆ ಗಂಟೆ ಹೊಡೆಯುವುದೇ ಇಲ್ಲ.

ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಾದ ಮಂಗನ ಕಾಯಿಲೆಯದೂ ಇದೇ ಪಾಠ, ಹೆಸರೇ ತಪ್ಪುದಾರಿಗೆ ಎಳೆಯುತ್ತದೆ. ಹರಡುವುದು ಉಣುಗು. ಮಂಗ, ಮುಸುವ ಎರಡೂ ಅದರಿಂದ ಸಾಯುತ್ತವೆ. ಸತ್ತ ಮಂಗದ ಮೈಯಿಂದ ಉಣುಗುಗಳು ಸುತ್ತಲಿನ ನೆಲಕ್ಕೆ ಇಳಿಯುವುದರಿಂದ ಆ ಜಾಗ ಅಪಾಯದ ತಾಣವಾಗುತ್ತದೆ. ಅದಕ್ಕೇ ಹೆಣ ಮುಟ್ಟದೆ ತಿಳಿಸಬೇಕು. ಸುತ್ತ ಮೆಲಥಿಯಾನ್ ಎಂಬ ಕೀಟನಾಶಕ ಪುಡಿ ಎರಚುವ ಕ್ರಮವಿದೆ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತು ಎನ್ನುತ್ತಾರಲ್ಲ, ಇಲ್ಲಿ ಸೊಳ್ಳೆ, ಉಣುಗು ಮಾಡಿದ್ದನ್ನು ನಾವು ಕೋತಿಯ ಬಾಯಿಗೆ ಒರೆಸುತ್ತಿದ್ದೇವೆ.

---

ನೈಲ್‌ದಂಡೆ:

ಪದದ ಬಗ್ಗೆ ಒಂದು ತಿದ್ದುಪಡಿ. ಸ್ಪೇನಿನ ದಕ್ಷಿಣ ತುದಿಯಲ್ಲಿ ಬ್ರಿಟಿಷರ ಕೈಯಲ್ಲಿರುವ ಜಿಬ್ರಾಲ್ಟರ್ ಬಂಡೆಯ ಕೋತಿಗಳನ್ನು ಸೇರಿಸುವುದಾದರೆ "ಬಾರ್ಬರಿ ಏಪ್" ಎಂಬ ಹಳೆಯ ಹೆಸರು ನೋಡಿ ಚಿಂಪಾಂಜಿ, ಗೊರಿಲ್ಲಾಗಳ ಗುಂಪಿಗೆ ಹಾಕಬೇಡಿ. ಹೊರಗೆ ಕಾಣುವ ಬಾಲವಿಲ್ಲದ್ದರಿಂದ ಆ ಹೆಸರು ಬಂತು ಅಷ್ಟೇ, ಅವು ಮಕಾಕ್ ಕೋತಿಗಳು. ಅವು ಹೋದ ದಿನ ಬ್ರಿಟಿಷರೂ ಹೋಗುತ್ತಾರೆ ಎಂಬ ನಂಬಿಕೆಯಿಂದ, ಎರಡನೇ ಮಹಾಯುದ್ಧದಲ್ಲಿ ಸಂಖ್ಯೆ ಕುಸಿದಾಗ ಚರ್ಚಿಲ್ ಉತ್ತರ ಆಫ್ರಿಕಾದಿಂದ ಹೊಸ ಕೋತಿ ತರಿಸಲು ಹೇಳಿದರು. ಸೈನ್ಯ ಅವುಗಳಿಗೆ ಹೆಸರಿಟ್ಟು, ಪಡಿ ಕೊಟ್ಟು, ಕಾಯಿಲೆ ಬಂದರೆ ನೌಕಾಪಡೆಯ ಆಸ್ಪತ್ರೆಗೆ ಒಯ್ಯುತ್ತಿತ್ತು. ಇಂದು ಅಲ್ಲಿ ಪ್ರವಾಸಿ ತಿಂಡಿ ಕೊಟ್ಟರೆ 4,000 ಪೌಂಡ್‌ವರೆಗೆ ದಂಡ. ಖಾಲಿಯಾದ "ಸ್ನೇಹ" ಫಲಕಕ್ಕೆ ಚಿತ್ರ ಬೇಕಲ್ಲ, ಒಂದು ಕೋತಿ ಇನ್ನೊಂದರ ಬೆನ್ನಿನ ಹೇನು ಹೆಕ್ಕುತ್ತಿರುವ ಚಿತ್ರ ಹಾಕಿ, ಮನುಷ್ಯರಿಲ್ಲದೆ.